ಒಂದೇ ಮನೆಯ ಅಣ್ಣತಮ್ಮ, ಒಬ್ಬನ ಗುಂಡಿಗೆ ಮಾತ್ರ ಬಲಕ್ಕೆ: ಎರಡಕ್ಕೂ ಒಂದೇ ಜೀನ್ ಕಾರಣವಾಗಬಲ್ಲದೇ?

ಪ್ರಶ್ನೆ: ಸಿಂಧನೂರಿನ ಉಪನ್ಯಾಸಕಿ

ನಾನು ಸಿಂಧನೂರಿನಲ್ಲಿ ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಬೋಧಿಸುತ್ತೇನೆ. ಲೋಮಾಂಗದ, ಅಂದರೆ ಜೀವಕೋಶದ ಮೇಲಿನ ಕೂದಲಿನಂಥ ಸೂಕ್ಷ್ಮ ಎಳೆಯ, ಪಾಠವೆಂದರೆ ಪ್ಯಾರಮೀಸಿಯಮ್‌ನ ಒಂದು ಚಿತ್ರ, ಶ್ವಾಸನಾಳದ ಒಳಪದರದ ಬಗ್ಗೆ ಒಂದು ವಾಕ್ಯ, ಅಂಡನಾಳದ ಬಗ್ಗೆ ಇನ್ನೊಂದು ವಾಕ್ಯ. ಇಷ್ಟನ್ನೇ ಹದಿನಾರು ವರ್ಷಗಳಿಂದ ಹೇಳಿಕೊಂಡು ಬಂದವಳಿಗೆ ಈಗ ಅದೇ ಪಾಠ ಮನೆಯೊಳಗೆ ಬಂದು ಕುಳಿತಿದೆ.

ನನ್ನ ಅಣ್ಣನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಹದಿನಾಲ್ಕು, ಚಿಕ್ಕವನಿಗೆ ಹನ್ನೊಂದು. ಇಬ್ಬರಿಗೂ ಹುಟ್ಟಿದಾಗಿನಿಂದ ಕಫದ ಕೆಮ್ಮು, ವರ್ಷವಿಡೀ ಸೋರುವ ಮೂಗು, ಆಗಾಗ ಕೀವು ಬರುವ ಕಿವಿ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು, ಸುಗ್ಗಿಯಲ್ಲಿ ಭತ್ತದ ಹೊಟ್ಟು. ಆದ್ದರಿಂದ ಕೆಮ್ಮಿಗೆ ಬೇರೆ ಕಾರಣವನ್ನು ಯಾರೂ ಹುಡುಕಲಿಲ್ಲ. ಕಳೆದ ತಿಂಗಳು ದೊಡ್ಡವನಿಗೆ ಎದೆಯ ಎಕ್ಸ್‌ರೇ ತೆಗೆಸಿದೆವು. ತೆಗೆದ ಹುಡುಗ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಗುಂಡಿಗೆಯ ತುದಿ ಬಲಕ್ಕೆ ಚಾಚಿರುವುದನ್ನು ಕಂಡು, ಫಿಲ್ಮೇ ತಿರುಗಿದೆಯೆಂದು ಅದನ್ನು ಮಗುಚಿ ಸಿಕ್ಕಿಸಿದ. ಆಗ ಮೂಲೆಯ ಸೀಸದ ಗುರುತು ತಿರುಗುಮುರುಗಾಗಿ ಕಂಡಿತು. ಗುರುತನ್ನು ತಾನೇ ತಪ್ಪು ಬದಿಗೆ ಇಟ್ಟಿರಬೇಕೆಂದುಕೊಂಡು, ನನ್ನೆದುರಿಗೇ ಅದನ್ನು ಎರಡೆರಡು ಸಲ ನೋಡಿ ಅಂಟಿಸಿ ಮತ್ತೊಮ್ಮೆ ತೆಗೆದ. ಎರಡನೆಯದೂ ಹಾಗೆಯೇ ಬಂತು. ಹೊಟ್ಟೆಯ ಸ್ಕ್ಯಾನಿನಲ್ಲಿ ಯಕೃತ್ತು ಎಡಕ್ಕೆ, ಗುಲ್ಮ ಬಲಕ್ಕೆ. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ. ಗಾಬರಿಯಾಗಿ ಚಿಕ್ಕವನಿಗೂ ತೆಗೆಸಿದೆವು. ಅವನ ಅಂಗಗಳು ಎಲ್ಲರಂತೆಯೇ ಇವೆ, ಕೆಮ್ಮು ಮಾತ್ರ ಅಣ್ಣನಷ್ಟೇ ಇದೆ.

ಅಣ್ಣ ತಂದುಕೊಂಡಿರುವುದು ನಮ್ಮ ಅಕ್ಕನ ಮಗಳನ್ನೇ. ಹೀಗಾಗಿ ಇದು ವಂಶದಿಂದ ಬಂದಿರಬಹುದೆಂಬ ಊಹೆ ನನಗಿದೆ. ನಮ್ಮ ಅಮ್ಮ ಮಾತ್ರ ಸೊಸೆ ಐದು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಿದ್ದಳೆಂಬ ಮಾತನ್ನು ಬಿಡುತ್ತಿಲ್ಲ. ಕೆಮ್ಮಿಗೂ ಗುಂಡಿಗೆಯ ಬದಿಗೂ ಏನು ನಂಟು, ಮತ್ತು ಒಂದೇ ಜೀನಿನ ದೋಷ ಇಬ್ಬರಲ್ಲೂ ಇದ್ದರೆ ಒಬ್ಬನಲ್ಲಿ ಮಾತ್ರ ಅಂಗಗಳು ಅದಲುಬದಲಾಗಲು ಹೇಗೆ ಸಾಧ್ಯ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿಯವನು, ಜೀಬ್ರಾಮೀನಿನ ಭ್ರೂಣಗಳ ಮೇಲೆ ಕೆಲಸ ಮಾಡುವವನು

ಮೇಡಂ, ಎರಡನೆಯ ಪ್ರಶ್ನೆಯಲ್ಲಿಯೇ ಮೊದಲನೆಯದರ ಉತ್ತರವೂ ಅಡಗಿದೆ. ಈ ಜೀನುಗಳು ಕೆಟ್ಟಾಗ ಎಡ ಹೋಗಿ ಬಲ ಆಗುವುದಿಲ್ಲ; ಎಡ ಯಾವುದು ಎಂಬ ತೀರ್ಮಾನವೇ ಆಗದೆ ಉಳಿಯುತ್ತದೆ. ಅಲ್ಲಿಂದಾಚೆಗೆ ಅದು ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಅಣ್ಣನ ಮಕ್ಕಳಲ್ಲಿ ದೊಡ್ಡವನ ನಾಣ್ಯ ಒಂದು ಮಗ್ಗುಲಿಗೆ ಬಿದ್ದಿದೆ, ಚಿಕ್ಕವನದು ಇನ್ನೊಂದಕ್ಕೆ. ಚಿಕ್ಕವನ ಗುಂಡಿಗೆ ಎಡಕ್ಕಿರುವುದು ಅವನ ಜೀನ್ ಸರಿಯಿರುವುದರಿಂದಲ್ಲ, ಅದೃಷ್ಟದಿಂದ.

ಇದು ಮೊದಲು ಸ್ಪಷ್ಟವಾಗಿ ಕಂಡದ್ದು ಇಲಿಗಳಲ್ಲಿ. 1959ರಲ್ಲಿ ವರ್ಣಿಸಲಾದ ಒಂದು ಇಲಿ ತಳಿಯಲ್ಲಿ, ಒಂದೇ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದ ಮರಿಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಅಂಗಗಳು ಅದಲುಬದಲಾಗಿದ್ದವು, ಉಳಿದವು ನೋಡಲು ಸರಿಯಾಗಿದ್ದವು. ಸರಿಯಾಗಿ ಕಂಡವುಗಳ ಸಂತಾನದಲ್ಲೂ ಮತ್ತೆ ಅದೇ ಅರ್ಧಕ್ಕರ್ಧ. ಆ ಜೀನ್ ಯಾವುದೆಂದು ಪತ್ತೆಯಾದದ್ದು 1997ರಲ್ಲಿ, ಅದು ಡೈನೀನ್ ಎಂಬ ಚಾಲಕ ಪ್ರೋಟೀನಿನದು. ಮನುಷ್ಯರಲ್ಲಿ ಅದರ ಹೆಸರು ಡಿಎನ್‌ಎಎಚ್-11. (ವಿದ್ಯಾರ್ಥಿಗಳು ಇದನ್ನು ಡಿಎನ್‌ಎ ಎಂದು ಓದಿ ಗೊಂದಲ ಮಾಡಿಕೊಳ್ಳುತ್ತಾರೆ, ಇಲ್ಲಿ ಆ ಅಕ್ಷರಗಳು ಡೈನೀನಿನ ಹ್ರಸ್ವರೂಪ.)

ಈಗ ಚಲಿಸುವ ಲೋಮಾಂಗದ ಒಳಗೆ ಬನ್ನಿ. ಶ್ವಾಸನಾಳದ ಲೋಮಾಂಗವನ್ನು ಅಡ್ಡ ಕೊಯ್ದರೆ ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಾಳಿಕೆಗಳ ಬಳೆ, ನಡುವೆ ಎರಡು ಒಂಟಿ ನಾಳಿಕೆಗಳು, ಬಳೆಯಿಂದ ನಡುವಿನ ಕಡೆಗೆ ಬಂಡಿಗಾಲಿಯ ಅರಗಳಂಥ ಕಡ್ಡಿಗಳು. ಪ್ರತಿ ಜೋಡಿಯಿಂದ ಪಕ್ಕದ ಜೋಡಿಯ ಕಡೆಗೆ ಚಾಚಿಕೊಂಡ ಡೈನೀನ್ ತೋಳುಗಳು ಅದನ್ನು ಹಿಡಿದು ಜಾರಿಸುತ್ತವೆ, ಬುಡ ಕಟ್ಟಿರುವುದರಿಂದ ಆ ಜಾರುವಿಕೆಯೇ ಬಾಗುವಿಕೆಯಾಗುತ್ತದೆ. ಹೊರಗಿನ ಸಾಲಿನ ಇಂಥ ತೋಳುಗಳು ಲೋಮಾಂಗದ ಉದ್ದಕ್ಕೂ 24 ನ್ಯಾನೋಮೀಟರಿಗೊಂದರಂತೆ ನಿಂತಿರುತ್ತವೆ. ಒಂದು ಲೋಮಾಂಗ ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿಯುತ್ತದೆ. ಒಂದು ಜೀವಕೋಶದ ಮೇಲೆ ಇಂಥವು ಸುಮಾರು ಇನ್ನೂರು ಇರುತ್ತವೆ. ಕಫವನ್ನು ಮೇಲಕ್ಕೆ ಸಾಗಿಸುವುದು ಈ ಬಡಿತವೇ; ಡೈನೀನ್ ಜೀನ್ ಕೆಟ್ಟರೆ ಕಫ ಮೇಲೇರುವುದಿಲ್ಲ. ಕೆಮ್ಮಿನ ಕಥೆ ಇಷ್ಟೇ.

ಗುಂಡಿಗೆಯ ಕಥೆ ಭ್ರೂಣದಲ್ಲಿ ನಡೆಯುತ್ತದೆ. ಮೂರನೆಯ ವಾರದ ಆಸುಪಾಸಿನಲ್ಲಿ, ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂಬುದು ನಿಶ್ಚಯವಾದ ಮೇಲೆ, ಭ್ರೂಣದ ನಡುಗೆರೆಯಲ್ಲಿ ನೋಡ್ ಎಂಬ ಸಣ್ಣ ಕುಳಿ ಮೂಡುತ್ತದೆ. ಅಲ್ಲಿನ ಪ್ರತಿ ಜೀವಕೋಶಕ್ಕೂ ಒಂದೇ ಒಂದು ಲೋಮಾಂಗ. ಅದರಲ್ಲಿ ನಡುವಿನ ಎರಡು ನಾಳಿಕೆಗಳು ಇರುವುದಿಲ್ಲ, ಆದ್ದರಿಂದ ಅದು ಚಾಟಿಯಂತೆ ಹಿಂದೆಮುಂದೆ ಬಡಿಯದೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಗಿರಗಿರನೆ ಸುತ್ತುತ್ತದೆ. ನೆಟ್ಟಗೆ ನಿಂತು ಸುತ್ತಿದರೆ ಬರೀ ಸುಳಿಯಾಗುತ್ತಿತ್ತು. ಆದರೆ ಅದು ಬಾಲದ ಕಡೆಗೆ ವಾಲಿಕೊಂಡಿರುತ್ತದೆ. ಎಡಕ್ಕೆ ಬೀಸುವಾಗ ನೆಲದಿಂದ ಎತ್ತರದಲ್ಲಿದ್ದು ದ್ರವವನ್ನು ಚೆನ್ನಾಗಿ ತಳ್ಳುತ್ತದೆ, ಬಲಕ್ಕೆ ಮರಳುವಾಗ ನೆಲಕ್ಕೆ ತೀರ ಹತ್ತಿರ ಸವರಿಕೊಂಡು ಬರುವುದರಿಂದ ಅಷ್ಟು ತಳ್ಳಲಾರದು. ಕೂಡಿ ಕಳೆದರೆ ದ್ರವ ಎಡಕ್ಕೆ ಹರಿಯುತ್ತದೆ.

ನೀವು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವವರು, ನಾವು ಬಲದಂಡೆಯವರು, ಆದ್ದರಿಂದ ಇದನ್ನು ನಮ್ಮ ಭಾಷೆಯಲ್ಲೇ ಹೇಳಬಹುದು. ನದಿಗೆ ಎಡದಂಡೆ ಎಂಬುದು ನೀರು ಹರಿಯುವ ಕಡೆಗೆ ಮುಖಮಾಡಿ ನಿಂತವನಿಗೆ ಮಾತ್ರ ಇದೆ. ಭ್ರೂಣದಲ್ಲೂ ತಲೆ–ಬಾಲ, ಬೆನ್ನು–ಹೊಟ್ಟೆ ಎಂಬ ಎರಡು ಅಕ್ಷಗಳು ಮೊದಲು ನಿಲ್ಲಬೇಕು, ಮೂರನೆಯದನ್ನು ಸುತ್ತುವ ದಿಕ್ಕು ಒದಗಿಸುತ್ತದೆ. ಸುತ್ತುವ ದಿಕ್ಕು ಬರುವುದು ಡೈನೀನ್ ತೋಳುಗಳು ಯಾವ ಬದಿಗೆ ಚಾಚಿವೆ ಎಂಬ ಅಣುಮಟ್ಟದ ಆಕಾರದಿಂದ. ‘ಗುಂಡಿಗೆ ಎಡಕ್ಕಿರಲಿ’ ಎಂದು ಬರೆದಿಟ್ಟ ಜೀನ್ ಎಲ್ಲಿಯೂ ಇಲ್ಲ.

ಈ ಹರಿವನ್ನು ಇಲಿಯ ಭ್ರೂಣದಲ್ಲಿ ಜಪಾನಿನ ನೊನಾಕಾ, ಹಿರೋಕಾವಾ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. 2002ರಲ್ಲಿ ನೊನಾಕಾ ಮತ್ತು ಹಮಾದಾ ಅವರ ತಂಡ ಇನ್ನೂ ಮುಂದೆ ಹೋಗಿ, ಭ್ರೂಣಗಳ ಮೇಲೆ ಹೊರಗಿನಿಂದ ಬಲಮುಖದ ಹರಿವನ್ನು ಹಾಯಿಸಿ ಸಾಮಾನ್ಯ ಇಲಿಗಳಲ್ಲೇ ಎಡಬಲವನ್ನು ತಿರುಗಿಸಿತು, ಲೋಮಾಂಗ ಕೆಟ್ಟ ಭ್ರೂಣಗಳಿಗೆ ಎಡಮುಖದ ಹರಿವು ಕೊಟ್ಟು ಸರಿಪಡಿಸಿತು. ನನಗೆ ಇಂದಿಗೂ ನಂಬಲು ಕಷ್ಟವಾಗುವುದು 2012ರ ಫಲಿತಾಂಶ: ಇಲಿಯ ನೋಡ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಲೋಮಾಂಗಗಳಿದ್ದರೂ, ಎರಡು ಸುತ್ತಿದರೆ ಸಾಕು, ಎಡಬಲ ತೀರ್ಮಾನವಾಗುತ್ತದೆ. ಕುಳಿಯ ಅಂಚಿನ ಜೀವಕೋಶಗಳ ಚಲಿಸದ ಲೋಮಾಂಗಗಳು ಈ ಹರಿವಿನಿಂದ ಬಾಗಿ, ಎಡಬದಿಯಲ್ಲಿ ಕ್ಯಾಲ್ಸಿಯಂ ಸಂಕೇತ ಎದ್ದು, ಕೊನೆಗೆ ನೋಡಲ್, ಪಿಟ್‌ಎಕ್ಸ್-2 ಎಂಬ ಜೀನುಗಳು ಎಡಕ್ಕೆ ಮಾತ್ರ ಚಾಲೂ ಆಗುತ್ತವೆ. ನಮ್ಮ ಮೀನಿನಲ್ಲಿ ಇದೇ ಕೆಲಸಕ್ಕೆ ಕುಫರ್ ಕೋಶಿಕೆ ಎಂಬ ದ್ರವ ತುಂಬಿದ ಗುಳ್ಳೆ ಇದೆ. ಮೊಟ್ಟೆ ಪಾರದರ್ಶಕವಾದ್ದರಿಂದ ಒಳ್ಳೆಯ ಸೂಕ್ಷ್ಮದರ್ಶಕದ ಕೆಳಗೆ ಲೋಮಾಂಗಗಳು ಸುತ್ತುವುದನ್ನು ಜೀವಂತವಾಗಿ ನೋಡಬಹುದು.

ಯಾವ ಜೀವಕೋಶದಲ್ಲಿ ಚಲಿಸುವ ಲೋಮಾಂಗ ಹುಟ್ಟಬೇಕು ಎಂದು ಹೇಳುವ ಮೇಟಿ ಜೀನ್ ಫಾಕ್ಸ್‌ಜೆ-1. ಮೀನು ಮತ್ತು ಕಪ್ಪೆಗಳಲ್ಲಿ 2008ರಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. ಅದನ್ನು ಬೇಕಿಲ್ಲದ ಕಡೆ ಚಾಲೂ ಮಾಡಿದರೆ ಅಲ್ಲಿಯೂ ಚಲಿಸುವ ಲೋಮಾಂಗ ಮೂಡುತ್ತದೆ. ಅದರ ಕೆಳಗೆ ಡೈನೀನುಗಳು, ಡೈನೀನನ್ನು ಜೀವಕೋಶದಲ್ಲಿ ಜೋಡಿಸುವ ಸಹಾಯಕ ಪ್ರೋಟೀನುಗಳು, ಅಳತೆಪಟ್ಟಿಯಂತೆ ತೋಳುಗಳ ಅಂತರ ಕಾಯುವ ಸಿಸಿಡಿಸಿ-39 ಮತ್ತು 40, ಹೀಗೆ ದೊಡ್ಡ ಪರಿವಾರವೇ ಇದೆ. ಈ ಕಾಯಿಲೆ ತರುವ ಜೀನುಗಳು ಮನುಷ್ಯರಲ್ಲಿ ಈಗಾಗಲೇ ಐವತ್ತಕ್ಕೂ ಹೆಚ್ಚು ಪತ್ತೆಯಾಗಿವೆ.

ಇಲ್ಲಿ ನಿಮ್ಮ ತರಗತಿಗೆ ಹೇಳಿ ಮಾಡಿಸಿದಂಥ ಒಂದು ವಿಚಾರವಿದೆ. ಗಾಲಿಯ ಅರಗಳನ್ನೂ ನಡುವಿನ ಜೋಡಿಯನ್ನೂ ಕಟ್ಟುವ ಜೀನುಗಳು ಕೆಟ್ಟ ಮಕ್ಕಳಿಗೆ ಕೆಮ್ಮು ಇರುತ್ತದೆ, ಆದರೆ ಅಂಗಗಳು ಅದಲುಬದಲಾಗುವುದಿಲ್ಲ. ಏಕೆಂದರೆ ನೋಡ್‌ನ ಲೋಮಾಂಗಕ್ಕೆ ಆ ಭಾಗಗಳೇ ಬೇಕಿಲ್ಲ. ನಿಮ್ಮ ಮನೆಯಲ್ಲಿ ದೊಡ್ಡವನದು ತಿರುಗಿರುವುದರಿಂದ, ಈ ಗುಂಪಿನ ಜೀನುಗಳನ್ನು ಪರೀಕ್ಷೆಗೆ ಮುಂಚೆಯೇ ಬಹುಮಟ್ಟಿಗೆ ಪಕ್ಕಕ್ಕಿಡಬಹುದು.

ಗ್ರಹಣದ ಬಗ್ಗೆ ಅಮ್ಮನಿಗೆ ಇಷ್ಟು ಹೇಳಿ: ಐದನೆಯ ತಿಂಗಳ ಹೊತ್ತಿಗೆ ಹುಡುಗನ ಗುಂಡಿಗೆ ಬಲಕ್ಕೆ ಕೂತು ನಾಲ್ಕು ತಿಂಗಳಾಗಿತ್ತು. ಸೊಸೆಗೆ ತಾನು ಬಸುರಿಯೆಂಬುದು ಖಚಿತವಾಗುವ ಹೊತ್ತಿಗೇ ಈ ತೀರ್ಮಾನ ಹೆಚ್ಚುಕಡಿಮೆ ಮುಗಿದಿತ್ತು.

ಉತ್ತರ: ಕೊಪ್ಪಳದ ಮಕ್ಕಳ ವೈದ್ಯೆ

ಮೇಲಿನ ವಿವರಣೆ ಸೊಗಸಾಗಿದೆ, ಆದರೆ ಅದನ್ನು ಓದಿದವರು ಎರಡು ತಪ್ಪು ತೀರ್ಮಾನಗಳಿಗೆ ಬರುವ ಅಪಾಯವಿದೆ. ಗುಂಡಿಗೆ ಬಲಕ್ಕಿದ್ದವರಿಗೆಲ್ಲ ಲೋಮಾಂಗದ ಕಾಯಿಲೆ ಇರುತ್ತದೆ ಎಂಬುದು ಒಂದು. ವಾಸ್ತವದಲ್ಲಿ ಅಂಗಗಳು ಪೂರ್ತಿ ಅದಲುಬದಲಾದವರಲ್ಲಿ ಸುಮಾರು ಕಾಲುಭಾಗದವರಿಗೆ ಮಾತ್ರ ಅದು ಇರುತ್ತದೆ, ಉಳಿದವರು ನೆಮ್ಮದಿಯಾಗಿ ಬದುಕುತ್ತಾರೆ. ಗುಂಡಿಗೆ ಎಡಕ್ಕಿದ್ದರೆ ಕಾಯಿಲೆ ಇಲ್ಲ ಎಂಬುದು ಇನ್ನೊಂದು, ಇದೇ ಹೆಚ್ಚು ಹಾನಿಕರ. ನಿಮ್ಮ ಮನೆಯಲ್ಲಿ ದೊಡ್ಡವನ ಎಕ್ಸ್‌ರೇ ದಾರಿ ತೋರಿಸಿತು. ಒಬ್ಬನೇ ಮಗನಾಗಿ ಚಿಕ್ಕವನಂಥವನು ಹುಟ್ಟಿದ್ದರೆ ಅವನನ್ನು ಧೂಳಿನ ಕೆಮ್ಮು, ಆಸ್ತಮಾ ಎಂದು ಇನ್ನೂ ಹತ್ತು ವರ್ಷ ತಿರುಗಿಸುತ್ತಿದ್ದರು. ಕ್ರಿಮಿ ಕಾಣದೆಯೇ ಕ್ಷಯದ ಮಾತ್ರೆ ನುಂಗಿಸಿಕೊಂಡು ಬಂದ ಇಂಥ ಮಕ್ಕಳನ್ನು ನಾನೇ ನೋಡಿದ್ದೇನೆ.

ಕಾರ್ಖಾನೆಗಳಿರುವ ಗಿಣಿಗೇರಿಯ ಕಡೆಯ ಹಳ್ಳಿಗಳಿಂದ ಕೆಮ್ಮುವ ಮಕ್ಕಳು ದಿನವೂ ಬರುತ್ತಾರೆ. ಧೂಳಿನ ಕೆಮ್ಮಿಗೆ ಋತುವಿದೆ, ರಜೆಗೆ ಅಜ್ಜಿಯ ಊರಿಗೆ ಹೋದರೆ ಇಳಿಯುತ್ತದೆ. ಲೋಮಾಂಗದ ಕೆಮ್ಮಿಗೆ ರಜೆಯಿಲ್ಲ. ನಾನು ತಾಯಂದಿರನ್ನು ತಪ್ಪದೆ ಕೇಳುವ ಪ್ರಶ್ನೆ ಒಂದೇ: ಮಗು ತಿಂಗಳು ತುಂಬಿ ಹುಟ್ಟಿದ್ದರೂ ಮೊದಲ ದಿನಗಳಲ್ಲಿ ಉಸಿರಿಗೆ ಕಷ್ಟಪಟ್ಟು ಆಮ್ಲಜನಕದಲ್ಲಿ ಇಡಬೇಕಾಯಿತೇ? ಈ ಕಾಯಿಲೆಯ ಬಹುಪಾಲು ಮಕ್ಕಳಲ್ಲಿ ಉತ್ತರ ಹೌದು ಎಂದಿರುತ್ತದೆ. ನಿಮ್ಮ ಅತ್ತಿಗೆಯನ್ನು ಕೇಳಿ ನೋಡಿ.

ಪರೀಕ್ಷೆಗಳ ಮಾತು. ಮೂಗಿನೊಳಗಿನ ನೈಟ್ರಿಕ್ ಆಕ್ಸೈಡ್ ಇವರಲ್ಲಿ ಬಹಳ ಕಡಿಮೆ ಇರುತ್ತದೆ. ಮೂಗಿನ ಒಳಪದರವನ್ನು ಸಣ್ಣ ಬ್ರಷ್ಷಿನಿಂದ ಕೆರೆದು ಲೋಮಾಂಗಗಳ ಬಡಿತವನ್ನು ವೇಗದ ಕ್ಯಾಮೆರಾದಲ್ಲಿ ನೋಡುವುದುಂಟು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋಳುಗಳನ್ನು ಎಣಿಸುವುದುಂಟು. ಆದರೆ ಸುಮಾರು ನೂರಕ್ಕೆ ಮೂವತ್ತು ಮಂದಿಯಲ್ಲಿ ಆ ಚಿತ್ರ ಸಹಜವಾಗಿಯೇ ಕಾಣುತ್ತದೆ. ಮೇಲೆ ಹೇಳಿದ ಡಿಎನ್‌ಎಎಚ್-11 ಅಂಥದ್ದೇ: ತೋಳುಗಳು ಇರುತ್ತವೆ, ಬಡಿತವೂ ಇರುತ್ತದೆ, ಬಾಗು ಮಾತ್ರ ಬಿಗಿಯಾಗಿ ಕಫ ಸಾಗುವುದಿಲ್ಲ. ಇವೆಲ್ಲ ನಮ್ಮ ಮೂರು ಜಿಲ್ಲೆಗಳಲ್ಲಿ ಕೈಗೆಟುಕುವ ಪರೀಕ್ಷೆಗಳಲ್ಲ. ರಕ್ತ ತೆಗೆದು ಕಳಿಸಿ ಜೀನುಗಳ ಸರಣಿ ಓದಿಸುವುದೇ ನಮಗೆ ಹತ್ತಿರದ ದಾರಿ. ಸೋದರಸಂಬಂಧದ ಕುಟುಂಬಗಳಲ್ಲಿ ಅದು ಬೇಗ ಫಲ ಕೊಡುತ್ತದೆ, ಏಕೆಂದರೆ ಎರಡೂ ಪ್ರತಿಗಳಲ್ಲಿ ಸಾಮಾನ್ಯವಾಗಿ ಒಂದೇ ದೋಷ ಕಾಣುತ್ತದೆ.

ಅದು ಏಕೆಂದು ನಿಮ್ಮ ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ನಿಮ್ಮ ತಂದೆಯಲ್ಲೋ ತಾಯಿಯಲ್ಲೋ ದೋಷದ ಒಂದು ಪ್ರತಿ ಇದ್ದಿರಬೇಕು. ಅದು ನೇರವಾಗಿ ನಿಮ್ಮ ಅಣ್ಣನಿಗೆ ಬಂತು, ಅಕ್ಕನ ಮೂಲಕ ಅವಳ ಮಗಳಿಗೂ ಬಂತು, ಎರಡು ದಾರಿಗಳೂ ಮಕ್ಕಳಲ್ಲಿ ಮತ್ತೆ ಕೂಡಿದವು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿನ ಯಾವುದೇ ಜೀನಿನ ಎರಡು ಪ್ರತಿಗಳೂ ಹೀಗೆ ಒಂದೇ ಮೂಲದವಾಗಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ, ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ದೋಷದ ಪ್ರತಿ ಗಂಡಹೆಂಡಿರಿಬ್ಬರಲ್ಲೂ ಇದ್ದಾಗ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು, ಆ ಮಗುವಿನ ಗುಂಡಿಗೆಯ ನಾಣ್ಯ ಅದಾದ ಮೇಲಿನ ಬೇರೆ ಲೆಕ್ಕ. ಲಿಂಗ ವರ್ಣತಂತುವಿನ ಮೂಲಕ ಬರುವ, ಒಂದೇ ಪ್ರತಿಯಿಂದ ಬರುವ ಅಪರೂಪದ ಬಗೆಗಳೂ ಇವೆ, ಆದ್ದರಿಂದ ವರದಿ ಬರುವವರೆಗೆ ಯಾರ ಕಡೆಯಿಂದ ಬಂತು ಎಂಬ ಮಾತು ಮನೆಯಲ್ಲಿ ಬೇಡ.

ಒಂದು ಮಾತನ್ನು ಮಾತ್ರ ಮರೆಯಬೇಡಿ: ಈ ಮಕ್ಕಳಿಗೆ ಕೆಮ್ಮು ನಿಲ್ಲಿಸುವ ಸಿರಪ್ ಕೊಡಬಾರದು. ಲೋಮಾಂಗಗಳು ಮಾಡದ ಕೆಲಸವನ್ನು ಅವರ ಪಾಲಿಗೆ ಮಾಡುತ್ತಿರುವುದು ಕೆಮ್ಮೇ. ದಿನವೂ ಎದೆಯ ವ್ಯಾಯಾಮ ಮಾಡಿಸಿ ಕಫ ಹೊರಹಾಕಿಸುವುದೇ ಚಿಕಿತ್ಸೆಯ ಬೆನ್ನೆಲುಬು. ದೊಡ್ಡವನ ಗುಂಡಿಗೆಯ ರಚನೆಯನ್ನು ಎಕೋ ಮಾಡಿಸಿ ನೋಡಿ. ಅವನಿಗೆ ಮುಂದೆಂದಾದರೂ ಕರುಳುಬಾಲದ ನೋವು ಬಂದರೆ ಅದು ಎಡಗಡೆಗೆ ಬರುತ್ತದೆ ಎಂಬುದನ್ನು ಅವನಿಗೇ ಕಲಿಸಿಡಿ. ಮತ್ತು ದಯವಿಟ್ಟು ಅವನ ಎಕ್ಸ್‌ರೇಯನ್ನು ಅವನ ಒಪ್ಪಿಗೆಯಿಲ್ಲದೆ ತರಗತಿಯಲ್ಲಿ ತೋರಿಸಬೇಡಿ. ಹದಿನಾಲ್ಕರ ಹುಡುಗ, ಅದೇ ಊರು.

ಉತ್ತರ: ಪಶುವೈದ್ಯ, ಕುಷ್ಟಗಿ ತಾಲ್ಲೂಕು

ಬಳ್ಳಾರಿಯ ಗೆಳೆಯರ ಬರಹ ಓದಿ ‘ಎಲ್ಲ ಪ್ರಾಣಿಗಳಲ್ಲೂ ಎಡವನ್ನು ಲೋಮಾಂಗವೇ ನಿರ್ಧರಿಸುತ್ತದೆ’ ಎಂದು ಟಿಪ್ಪಣಿ ಬರೆಸಿಬಿಡಬೇಡಿ. ನಾನು ಬೆಳಗಿನಿಂದ ಸಂಜೆಯವರೆಗೆ ನೋಡುವ ಪ್ರಾಣಿಗಳಲ್ಲಿ ಹೆಚ್ಚಿನವು ಆ ಮಾತಿಗೆ ಹೊರತು. ಕೋಳಿಯ ಭ್ರೂಣದಲ್ಲೂ ನೋಡ್ ಇದೆ, ಗುಂಡಿಗೆಯೂ ಗೊತ್ತಾದ ಒಂದೇ ಬದಿಗೆ ಬಾಗುತ್ತದೆ, ಆದರೆ ಅಲ್ಲಿ ಚಲಿಸುವ ಲೋಮಾಂಗದ ಹರಿವು ಕೆಲಸ ಮಾಡುವುದಿಲ್ಲ. ನೋಡ್‌ನ ಸುತ್ತಲಿನ ಜೀವಕೋಶಗಳೇ ಕೆಲಹೊತ್ತು ಎಡಕ್ಕೆ ಸರಿಯುವುದರಿಂದ ಜೀನುಗಳು ಎಡಬಲವಾಗಿ ವಿಂಗಡವಾಗುತ್ತವೆ ಎಂದು 2009ರಲ್ಲಿ ತೋರಿಸಲಾಯಿತು. ಹಲ್ಲಿ ಹಾವುಗಳ ಬಳಗದಲ್ಲೂ, ಗೊರಸು ಸೀಳಿದ ಪ್ರಾಣಿಗಳಲ್ಲೂ, ಅಂದರೆ ನಮ್ಮ ಕುರಿ, ಆಡು, ದನ, ಹಂದಿಗಳಲ್ಲೂ, ಅವುಗಳ ದೂರದ ನೆಂಟ ತಿಮಿಂಗಿಲದಲ್ಲೂ ನೋಡ್‌ನಲ್ಲಿ ಚಲಿಸುವ ಲೋಮಾಂಗ ಇಲ್ಲವೆಂದು ಭಾವಿಸಲಾಗಿದೆ. ಶ್ವಾಸನಾಳದಲ್ಲಿ ಮಾತ್ರ ಇವಕ್ಕೆಲ್ಲ ಲೋಮಾಂಗ ಚೆನ್ನಾಗಿಯೇ ಬಡಿಯುತ್ತದೆ.

ಇದನ್ನೇ ಸುಳಿವಾಗಿ ಹಿಡಿದು 2022ರಲ್ಲಿ ಒಂದು ತಂಡ ಜಾಣತನದ ಕೆಲಸ ಮಾಡಿತು. ಮೀನು, ಕಪ್ಪೆ, ಇಲಿ, ಮನುಷ್ಯರಲ್ಲಿ ಉಳಿದುಕೊಂಡು, ಕೋಳಿ, ಹಲ್ಲಿ, ಕುರಿ, ತಿಮಿಂಗಿಲಗಳಲ್ಲಿ ಕಳೆದುಹೋದ ಜೀನುಗಳು ಯಾವುವು ಎಂದು ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ಹುಡುಕಿದಾಗ ಐದು ಜೀನುಗಳು ಸಿಕ್ಕವು. ಅದುವರೆಗೆ ಕೆಲಸ ಗೊತ್ತಿಲ್ಲದ ಒಂದಕ್ಕೆ ಸಿರಾಪ್ ಎಂದು ಹೆಸರಿಟ್ಟರು. ಅದು ಹರಿವಿನ ಕೆಳಹಂತದಲ್ಲಿ, ಎಡಬದಿಯಲ್ಲಿ ಮಾತ್ರ ಬೇಕಾಗುವ ಜೀನ್. ಅದರ ಎರಡೂ ಪ್ರತಿಗಳು ಕೆಟ್ಟ 21 ಮಂದಿಯನ್ನು ಮನುಷ್ಯರಲ್ಲಿ ಗುರುತಿಸಿದರು. ಅಂಗಗಳ ಸ್ಥಾನ ಏರುಪೇರಾಗಿತ್ತು. ಹರಿವನ್ನು ಹುಟ್ಟಿಸುವ ಯಂತ್ರ ಕೆಡದೆ ಹರಿವನ್ನು ಓದುವ ವ್ಯವಸ್ಥೆ ಕೆಟ್ಟರೂ ಗುಂಡಿಗೆ ಬಲಕ್ಕೆ ಹೋಗಬಹುದು ಎಂದಾಯಿತು. ವೈದ್ಯೆಯವರು ಹೇಳಿದ, ಬಲಕ್ಕೆ ಗುಂಡಿಗೆಯಿದ್ದೂ ಕೆಮ್ಮಿಲ್ಲದವರ ಪೈಕಿ ಕೆಲವರ ಗುಟ್ಟು ಇಲ್ಲಿರಬಹುದು.

ಎಕ್ಸ್‌ರೇ ಬೇಡವೆಂದಾದರೆ ತರಗತಿಗೆ ಕಾಲುವೆಯ ಕಪ್ಪೆಚಿಪ್ಪು ತನ್ನಿ. ಅದರ ಕಿವಿರಿನ ಚೂರನ್ನು ಅದೇ ನೀರಿನ ಹನಿಯಲ್ಲಿಟ್ಟು, ಇದ್ದಿಲಿನ ನುಣುಪಾದ ಪುಡಿ ಉದುರಿಸಿ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಡಿಯ ಕಣಗಳು ಅಂಚಿನಗುಂಟ ಒಂದೇ ದಿಕ್ಕಿಗೆ ಸಾಲುಗಟ್ಟಿ ಓಡುತ್ತವೆ. ಬೆಳಕನ್ನು ತಗ್ಗಿಸಿದರೆ ಅಂಚಿನಲ್ಲಿ ಜೋಳದ ಹೊಲಕ್ಕೆ ಗಾಳಿ ಬೀಸಿದಂತೆ ಅಲೆಯೂ ಕಾಣುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಋಣಿ. ಅತ್ತಿಗೆಯನ್ನು ಕೇಳಿದೆ. ಇಬ್ಬರೂ ತಿಂಗಳು ತುಂಬಿ ಹುಟ್ಟಿದವರು, ಇಬ್ಬರನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ, ದೊಡ್ಡವನನ್ನು ಆರು ದಿನ, ಚಿಕ್ಕವನನ್ನು ನಾಲ್ಕು ದಿನ. ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ರಕ್ತದ ಮಾದರಿ ಕಳಿಸಲು ಅಣ್ಣ ಒಪ್ಪಿದ್ದಾನೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಕೇಳುತ್ತೇನೆ. ನನಗೆ ಒಬ್ಬಳು ಮಗಳಿದ್ದಾಳೆ. ಅವಳು ಇನ್ನೂ ಚಿಕ್ಕವಳು, ಆದರೆ ದೊಡ್ಡವನಿಗೆ ಹೆಣ್ಣು ಮನೆಯಲ್ಲೇ ಇದೆ ಎಂದು ಅಮ್ಮ ಹಬ್ಬಹುಣ್ಣಿಮೆಗೆಲ್ಲ ಹೇಳುತ್ತಾಳೆ. ಲೆಕ್ಕ ನಾನೇ ಹಾಕಬಲ್ಲೆ, ಆದರೆ ಸ್ವಂತ ಮಗಳ ಲೆಕ್ಕದಲ್ಲಿ ಕೈ ನಡುಗುತ್ತದೆ.

ಉತ್ತರ: ಕೊಪ್ಪಳದ ಮಕ್ಕಳ ವೈದ್ಯೆ

ನಿಮ್ಮ ತಂದೆತಾಯಿಯರಲ್ಲಿ ಒಬ್ಬರು ವಾಹಕರೆಂದು, ಅಂದರೆ ದೋಷದ ಒಂದೇ ಪ್ರತಿ ಹೊತ್ತವರೆಂದು ಹಿಡಿದರೆ ನೀವು ವಾಹಕಿಯಾಗಿರುವ ಸಂಭವ ಅರ್ಧ, ನಿಮ್ಮ ಮಗಳದು ಕಾಲು. ಹುಡುಗನಲ್ಲಿ ಎರಡೂ ಪ್ರತಿಗಳು ಕೆಟ್ಟಿದ್ದರೆ ಅವನು ದೋಷದ ಪ್ರತಿಯನ್ನು ಕೊಡದೇ ಇರಲಾರ. ಮಗಳು ವಾಹಕಿಯಾಗಿದ್ದರೆ ಅವಳು ಕೊಡುವ ಸಂಭವ ಅರ್ಧ. ಅಂದರೆ ಇಂದಿನ ತಿಳಿವಳಿಕೆಯಲ್ಲಿ ಪ್ರತಿ ಮಗುವಿಗೂ ಎಂಟರಲ್ಲಿ ಒಂದು. ಹುಡುಗರ ವರದಿ ಬಂದ ಮೇಲೆ ಅದೇ ಒಂದು ದೋಷಕ್ಕಾಗಿ ನಿಮ್ಮ ರಕ್ತವನ್ನು ಪರೀಕ್ಷಿಸಿದರೆ ಸಾಕು. ನಿಮ್ಮಲ್ಲಿ ಇಲ್ಲವೆಂದಾದರೆ, ನಿಮ್ಮ ಯಜಮಾನರು ಸಂಬಂಧದೊಳಗಿನವರಲ್ಲದಿದ್ದರೆ, ಈ ಲೆಕ್ಕ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಸಂಬಂಧದೊಳಗಿನವರಾಗಿದ್ದರೆ ಅವರ ರಕ್ತವನ್ನೂ ಕೊಡಿ. ಮಗಳ ರಕ್ತವನ್ನು ಈಗ ಮುಟ್ಟುವುದು ಬೇಡ, ಅದು ಅವಳು ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಬೇಕಾದದ್ದು. ವೀರ್ಯಾಣುವಿನ ಬಾಲವೂ ಇದೇ ಕಟ್ಟಡವಾದ್ದರಿಂದ, ಎಲ್ಲರಿಗೂ ಅಲ್ಲದಿದ್ದರೂ ಇಂಥ ಹುಡುಗರಲ್ಲಿ ಹಲವರಿಗೆ ಮುಂದೆ ಮಕ್ಕಳಾಗಲು ವೈದ್ಯಕೀಯ ನೆರವು ಬೇಕಾಗುತ್ತದೆ. ಯಾವ ಜೀನ್ ಎಂಬುದರ ಮೇಲೆ ಅದೂ ಬದಲಾಗುತ್ತದೆ. ವರದಿ ಬಂದಾಗ ಜೀನಿನ ಹೆಸರನ್ನು ಇಲ್ಲಿ ಬರೆಯಬೇಡಿ, ಖಾಸಗಿಯಾಗಿ ಕಳಿಸಿ, ಕೂತು ಓದೋಣ.